ಹದಿನಾಲ್ಕು ಕೂದಲೆಳೆ

ಬೆಳಗಿನ ಐದೂ ಮುಕ್ಕಾಲು. ಟೊಲೀಡೊ ಊರಿನ ನದಿ ದಂಡೆಯ ಬಯಲು ವೇದಿಕೆಯ ಮೇಲೆ ಡೊರೀನ್ ಹೋರ್ವಾಟ್ ಪೊರಕೆ ಹಿಡಿದು ಹುಳು ಗುಡಿಸುತ್ತಿದ್ದಾರೆ. ಜೂನ್ ಕೊನೆಗೆ ಸರೋವರದಿಂದ ಎದ್ದು ಬರುವ ಮೇಫ್ಲೈಗಳು ದೀಪಕ್ಕೆ ಮುತ್ತಿ, ಬೆಳಗಾಗುವಷ್ಟರಲ್ಲಿ ರಾಶಿ ರಾಶಿ ಬಿದ್ದಿರುತ್ತವೆ. ಕಾಲಿಟ್ಟರೆ ಕರಕರ. ಗುಡಿಸುವುದು ಅವರ ಕೆಲಸವಲ್ಲ, ಅದಕ್ಕೆ ಬೇರೆ ಜನ ಇದ್ದಾರೆ. ಆದರೆ ಆ ಜನ ಬರುವುದು ಎಂಟಕ್ಕೆ, ಡೊರೀನ್‌ಗೆ ಅಲ್ಲಿಯತನಕ ತಾಳ್ಮೆ ಇಲ್ಲ.

"ಹೋದ್ಸಲ ವಾಲ್ಟ್ ಇದ್ರ ಮೇಲೆ ಜಾರಿ, ಗಿಟಾರ್ ಸಮೇತ ಕೂತ್ಬಿಟ್ಟ. ಜನ ಅದೂ ಆಟದಲ್ಲೇ ಸೇರಿದ್ದು ಅಂತ ಚಪ್ಪಾಳೆ ಹೊಡೆದ್ರು. ಅವನಿಗೇನೂ ಆಗ್ಲಿಲ್ಲ ಬಿಡಿ, ಗಿಟಾರಿನ ಬಿರಡೆ ಮುರೀತು" ಎನ್ನುತ್ತಾರೆ. ಮುರಿದದ್ದು ವಾಲ್ಟ್ ಅವರ ಸೊಂಟವಾಗಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲವೇನೋ ಎಂಬಂತಿದೆ ಆ ಮುಖ.

ವಾಲ್ಟ್ ಝೆಲಿನ್ಸ್ಕಿ ಯಾರೆಂದು ಈ ಊರಿನಲ್ಲಿ ಯಾರಿಗೂ ಹೇಳಬೇಕಿಲ್ಲ. ಡ್ರಾಬ್ರಿಜ್ ಬಾಯ್ಸ್ ತಂಡದ ಗಾಯಕ. 'ಬಾಯ್ಸ್' ಅಂದರೆ ಈಗ ಅರವತ್ತೆಂಟು ವಯಸ್ಸಿನ ಹುಡುಗರು. ನಲವತ್ತಾರು ವರ್ಷದಿಂದ ಹಾಡುತ್ತಿದ್ದಾರೆ. ಡೊರೀನ್ ಆ ತಂಡದ ಗಿಟಾರುಗಳನ್ನು ನೋಡಿಕೊಳ್ಳುವವರು. ತಂತಿ ಬದಲಿಸುವುದು, ಶ್ರುತಿ ಮಾಡುವುದು, ಹಾಡು ಮುಗಿಯುತ್ತಿದ್ದಂತೆ ಕತ್ತಲಿನಿಂದ ಬಂದು ಮುಂದಿನ ಗಿಟಾರನ್ನು ಕೈಗಿಟ್ಟು ಕತ್ತಲಿಗೇ ವಾಪಸಾಗುವುದು. ಮೂವತ್ತಮೂರು ವರ್ಷದಿಂದ ಇದೇ. ನಾನು ಈ ಊರಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು, ಈ ತಂಡವನ್ನು ಹತ್ತಾರು ಸಲ ನೋಡಿದ್ದೇನೆ. ಡೊರೀನ್ ಅವರನ್ನು ಗಮನಿಸಿದ್ದು ಮಾತ್ರ ಹೋದ ವರ್ಷ, ಅದೂ ನನ್ನ ಮುಂದಿನವರು ಎತ್ತರವಿದ್ದು ವೇದಿಕೆಯ ಮೂಲೆಯಷ್ಟೇ ಕಾಣುತ್ತಿದ್ದುದರಿಂದ. ಅವರ ಒಂದು ದಿನದ ಬಗ್ಗೆ ಪತ್ರಿಕೆಗೆ ಬರೆಯಲು ಇವತ್ತು ಜೊತೆಗಿದ್ದೇನೆ.

ಗುಡಿಸಿ ಮುಗಿಸಿ ಹನ್ನೊಂದು ಪೆಟ್ಟಿಗೆಗಳನ್ನು ಸಾಲಾಗಿ ತೆರೆಯುತ್ತಾರೆ. ತಂಡದ ಚರಿತ್ರೆ ಬೇಕೆಂದರೆ ಈ ಪೆಟ್ಟಿಗೆಗಳನ್ನೇ ಓದಬೇಕು. ಮೊದಲನೆಯದರಲ್ಲಿರುವ ಕಂದು ಗಿಟಾರು ಕಾರಿನ ಗಾಜು ತಯಾರಿಸುವ ಕಾರ್ಖಾನೆಯ ಹಿಂದಿನ ಗ್ಯಾರೇಜಿನದು. ಎರಡನೇ ಪಾಳಿ ಮುಗಿಸಿದ ನಾಲ್ವರು ಅಲ್ಲಿ ಸೇರಿ ಬಾರಿಸುತ್ತಿದ್ದರು. ಮೂರನೆಯದು 'ಸೇತುವೆ ಎತ್ತಿದೆ' ಹಾಡು ಹುಟ್ಟಿದ ವರ್ಷದ್ದು: ಹಡಗು ಹೋಗಲೆಂದು ಸೇತುವೆ ಎತ್ತಿದ್ದಾರೆ, ಹುಡುಗಿ ಆಚೆ ದಡದಲ್ಲಿದ್ದಾಳೆ, ಹುಡುಗ ಈಚೆ ಕಾರಿನಲ್ಲಿ ಒದ್ದಾಡುತ್ತಿದ್ದಾನೆ. ಆ ಹಾಡಿಲ್ಲದೆ ಇಲ್ಲಿ ಮದುವೆಯೇ ಆಗುವುದಿಲ್ಲ. ಐದನೆಯ ಪೆಟ್ಟಿಗೆಯ ಒಂದು ಮಗ್ಗುಲು ಸುಟ್ಟಿದೆ. ಇಂಡಿಯಾನಾದ ಹೆದ್ದಾರಿಯಲ್ಲಿ ಲಾರಿಗೆ ಬೆಂಕಿ ಬಿದ್ದ ಗುರುತು. ಏಳನೆಯದರ ಮೇಲೆ ಬೇರೆಯದೇ ತಂಡದ ಹೆಸರಿದೆ, ಜಗಳವಾಡಿ ಐದು ವರ್ಷ ಬೇರೆಯಾಗಿದ್ದಾಗಿನದು. ಹದಿಮೂರು ಆಲ್ಬಮ್ಮು, ಮೂವರು ಡ್ರಮ್ಮರುಗಳು, ಎರಡು ಹೃದಯದ ಆಪರೇಷನ್ನು. ಇವೆಲ್ಲದರ ಮಧ್ಯೆ ಮೂವತ್ತಮೂರು ವರ್ಷದಿಂದ ಬದಲಾಗದೆ ಉಳಿದದ್ದು ಶ್ರುತಿ ಮಾಡುವ ಈ ಎರಡು ಕೈ.

ಹತ್ತು ಗಿಟಾರಿಗೆ ಆರಾರು, ಒಂದಕ್ಕೆ ಹನ್ನೆರಡು, ದಿನಕ್ಕೆ ಎಪ್ಪತ್ತೆರಡು ತಂತಿ. ಪ್ರತಿ ಪ್ರದರ್ಶನಕ್ಕೂ ಎಲ್ಲವೂ ಹೊಸತು. ವರ್ಷಕ್ಕೆ ನೂರಾ ಹತ್ತು ಪ್ರದರ್ಶನ. ಹೊಸ ತಂತಿ ಹೊಸ ಚಪ್ಪಲಿಯ ಹಾಗೆ, ಎಳೆದು ಎಳೆದು ಪಳಗಿಸಬೇಕು. ಡೊರೀನ್ ಅವರ ಎಡಗೈ ತೋರುಬೆರಳಿನ ತುದಿಯಲ್ಲಿ ಈಗ ಬಿಸಿ ಕಾಫಿ ಲೋಟವೂ ತಾಕುವುದಿಲ್ಲವಂತೆ.

ಆರೂಕಾಲಿಗೆ ಮೊದಲ ಗಿಟಾರನ್ನು ಮಡಿಲಲ್ಲಿಟ್ಟುಕೊಂಡು, ಪಕ್ಕದಲ್ಲಿದ್ದ ಲಕೋಟೆಯೊಂದನ್ನು ಒಡೆಯುತ್ತಾರೆ. ಇವತ್ತು ತವರಿನ ಕಚೇರಿ, ಕೊನೆಯ ಹಾಡಿಗೆ ಊರಿನ ಶಾಲೆಯೊಂದರ ಬ್ಯಾಂಡಿನ ಅರವತ್ತು ಮಕ್ಕಳು ತುತ್ತೂರಿ ಊದಲಿದ್ದಾರೆ. ಅವರ ಟೀಚರು ಸ್ವರಲಿಪಿಯ ಪ್ರತಿ ಕಳಿಸಿದ್ದಾರೆ. ಮೇಲೆ ಕೆಂಪು ಶಾಯಿಯಲ್ಲಿ ಬರೆದಿದೆ: 'ನೀವು ಹೇಳಿದಂತೆ, ಮೂಲಕ್ಕಿಂತ ಅರ್ಧ ಸ್ವರ ಕೆಳಗೆ.'

ಡೊರೀನ್ ಹಾಳೆ ನೋಡುತ್ತಾರೆ. ಶ್ರುತಿ ತೋರಿಸುವ ಪುಟ್ಟ ಯಂತ್ರ ನೋಡುತ್ತಾರೆ. ಮತ್ತೆ ಹಾಳೆ ನೋಡುತ್ತಾರೆ. ಆಮೇಲೆ ಗಿಟಾರನ್ನು ಕೆಳಗಿಟ್ಟು, ಪೆಟ್ಟಿಗೆಯ ಮೇಲೆ ಕುಸಿದು ಕೂರುತ್ತಾರೆ.

"ಅಯ್ಯೋ ದೇವ್ರೇ, ಎಂಥ ಕೆಲಸ ಮಾಡ್ಬಿಟ್ಟೆ" ಎನ್ನುತ್ತಾರೆ. ನಾನು ಏನಾಯಿತೆಂದು ಕೇಳುತ್ತೇನೆ. ನನ್ನನ್ನು ಅಳೆದು ನೋಡಿ, "ಇವತ್ತು ಮುಗಿಯೋವರ್ಗೂ ಬಾಯಿ ಬಿಡಲ್ಲ ಅಂತ ಆಣೆ ಮಾಡಿ" ಎನ್ನುತ್ತಾರೆ. ಮಾಡಿದೆ.

ಹಾರ್ಮೋನಿಯಂನ ಬಿಳಿ ಮನೆಗೂ ಪಕ್ಕದ ಕಪ್ಪು ಮನೆಗೂ ಇರುವ ದೂರ ಅರ್ಧ ಸ್ವರ. ಅದನ್ನು ಹತ್ತು ಪಾಲು ಮಾಡಿದರೆ ಒಂದು ಪಾಲಿಗೆ ಡೊರೀನ್ ಇಟ್ಟುಕೊಂಡ ಹೆಸರು 'ಕೂದಲೆಳೆ'. ಹನ್ನೊಂದು ವರ್ಷದ ಹಿಂದೆ ಒಂದೂರಿನಲ್ಲಿ ವಾಲ್ಟ್ ಅವರ ಧ್ವನಿ ಮೇಲಿನ ಸ್ವರದಲ್ಲಿ ಒಡೆಯಿತು. ಬಸ್ಸಿನಲ್ಲಿ ಮುಸುಕೆಳೆದು ಮಲಗಿದ ಮನುಷ್ಯ ಎರಡು ದಿನ ಏಳಲಿಲ್ಲ. ಮೂರನೇ ದಿನ ಡೊರೀನ್ ಯಾರಿಗೂ ಹೇಳದೆ ಎಲ್ಲ ಗಿಟಾರುಗಳನ್ನೂ ಒಂದು ಕೂದಲೆಳೆ ಇಳಿಸಿದರು. ವಾಲ್ಟ್ ವೇದಿಕೆಯಿಂದ ಇಳಿದು ಬಂದು, "ಇವತ್ತು ಗಂಟಲು ಬಂಗಾರ ಕಣೇ" ಎಂದರು. ಅಲ್ಲಿಂದ ಶುರು. ಬಾಸ್ ಗಿಟಾರಿನ ಆರ್ಲೋ ಫಿಸ್ಕ್, ಕೀಬೋರ್ಡಿನವರು, ಧ್ವನಿ ಹಿಡಿಯುವವರು, ಎಲ್ಲರೂ ಒಬ್ಬೊಬ್ಬರಾಗಿ ಗುಟ್ಟಿನೊಳಗೆ ಬಂದರು. ವಾಲ್ಟ್ ಒಬ್ಬರನ್ನು ಬಿಟ್ಟು.

ನಮ್ಮಲ್ಲಾದರೆ ಹಾಡುವವರು ವಯಸ್ಸಾದಂತೆ ಶ್ರುತಿ ಇಳಿಸಿಕೊಳ್ಳುತ್ತಾರೆ, ಅದು ಗುಟ್ಟೂ ಅಲ್ಲ, ತಪ್ಪೂ ಅಲ್ಲ. ಈ ತಂಡದ ಕತೆಯೇ ಬೇರೆ. ಇವರ ಹೆಮ್ಮೆ ಎಂದರೆ 'ಕಳ್ಳ ಸದ್ದು ಇಲ್ಲ' ಅನ್ನುವುದು, ಅಂದರೆ ಕೇಳಿಸುವುದೆಲ್ಲ ಅಲ್ಲೇ ಹಾಡಿದ್ದು, ಅಲ್ಲೇ ನುಡಿಸಿದ್ದು; ಅಭಿಮಾನಿಗಳ ಅಂಗಿಯ ಬೆನ್ನ ಮೇಲೂ ಅದೇ ಮಾತು. ಕೊನೆಯ ಹಾಡಿಗೆ ಮುಂಚೆ ವಾಲ್ಟ್ ಪ್ರತಿಸಲ, "ಪ್ಯಾಂಟಿನ ಅಳತೆ ಬದಲಾಗಿದೆ, ಸ್ವರ ಬದಲಾಗಿಲ್ಲ" ಎಂದು ಎದೆ ತಟ್ಟಿ ಹೇಳುತ್ತಾರೆ. ಹಿಂದೊಮ್ಮೆ ಡ್ರಮ್ಮರು ಕೈನೋವೆಂದು ಒಂದು ಹಾಡಿಗೆ ಮೊದಲೇ ಧ್ವನಿಮುದ್ರಿಸಿಟ್ಟ ತಾಳ ಓಡಿಸಿ ಸಿಕ್ಕಿಬಿದ್ದರು. ವಾಲ್ಟ್ ಅವರ ಸ್ವಂತ ಸೋದರತ್ತೆಯ ಮಗ. ಆ ಮಗನನ್ನು ಅದೇ ಊರಿನಲ್ಲಿ ಬಸ್ಸಿನಿಂದ ಇಳಿಸಿದ ವಾಲ್ಟ್ ಇವತ್ತಿಗೂ ಮಾತು ಆಡಿಲ್ಲ. ತಂಡ ಐದು ವರ್ಷ ಒಡೆದದ್ದೂ ಅದಕ್ಕೇ.

"ಅವನು ಒಂದು ಹಾಡಿಗೆ ಕಳ್ಳತನ ಮಾಡ್ದ. ನಾನು ಹನ್ನೊಂದು ವರ್ಷ ಮಾಡಿದೀನಿ. ನನಗೆ ಏನು ಕಾದಿದೆ ಲೆಕ್ಕ ಹಾಕಿ" ಎನ್ನುತ್ತಾರೆ ಡೊರೀನ್.

ಇವತ್ತಿನ ಎಡವಟ್ಟು ಇಷ್ಟು. ಮೂರು ವಾರದ ಹಿಂದೆ ಟೀಚರು ಫೋನು ಮಾಡಿ, ಹಾಡು ಯಾವ ಶ್ರುತಿಯಲ್ಲಿ ಎಂದು ಕೇಳಿದ್ದಾರೆ. ಬಾಯಲ್ಲಿ ತಂತಿ ಕಚ್ಚಿಕೊಂಡಿದ್ದ ಡೊರೀನ್ ನೆನಪಿನಿಂದಲೇ 'ಅರ್ಧ ಸ್ವರ ಕೆಳಗೆ' ಎಂದಿದ್ದಾರೆ. ನಾಲ್ಕು ವರ್ಷ ಅದು ಅಲ್ಲೇ ನಿಂತಿದ್ದದ್ದು ನಿಜ, ಹತ್ತು ಕೂದಲೆಳೆ. ಆದರೆ ಹೋದ ಚಳಿಗಾಲದಲ್ಲಿ ವಾಲ್ಟ್ ಅವರಿಗೆ ಎದೆ ಕಟ್ಟಿ ಕೆಮ್ಮು ಹಿಡಿದಾಗ, ನಾಲ್ಕು ಊರಲ್ಲಿ ನಾಲ್ಕು ಎಳೆ ಇಳಿಸಿದ್ದಾರೆ. ಒಂದೊಂದೇ ಎಳೆ ಎಣಿಸುವವರಿಗೆ ಮೊತ್ತ ಮರೆತುಹೋಗಿದೆ. ಈಗ ಹದಿನಾಲ್ಕು. ತುತ್ತೂರಿಗಳು ಹತ್ತರಲ್ಲಿ, ಗಿಟಾರುಗಳು ಹದಿನಾಲ್ಕರಲ್ಲಿ ನಿಂತರೆ ಕೇಳುವವರ ಹಲ್ಲು ಜುಂ ಎನ್ನುತ್ತದೆ. ಮಕ್ಕಳೊಂದಿಗೆ ತಾಲೀಮು ಮಧ್ಯಾಹ್ನ ಎರಡಕ್ಕೆ. ಅಲ್ಲಿಗೆ ಗುಟ್ಟು ರಟ್ಟು.

ಕಿವಿಯ ಈ ಸೂಕ್ಷ್ಮ ಅಪ್ಪನಿಂದ ಬಂದದ್ದು. ನದಿಯಾಚೆಯ ಹಂಗೇರಿಯವರ ಕೇರಿಯಲ್ಲಿ ಅವರಪ್ಪ ಚರ್ಚಿನ ಮದುವೆಗಳಿಗೆ ಸಿಂಬಲೊಮ್ ನುಡಿಸುತ್ತಿದ್ದರು, ನಮ್ಮ ಸಂತೂರಿನ ದೊಡ್ಡಕ್ಕನಂಥ ವಾದ್ಯ. ನೂರಿಪ್ಪತ್ತೈದು ತಂತಿಗಳನ್ನು ಶ್ರುತಿ ಮಾಡುವುದು ಮಗಳ ಪಾಲಿಗೆ. ತಪ್ಪಿದರೆ ಅಪ್ಪ ಹೊಡೆಯುತ್ತಿರಲಿಲ್ಲ, ಅದೇ ತಪ್ಪು ತಂತಿಯನ್ನು ಊಟ ಮುಗಿಯುವವರೆಗೂ ಬಾರಿಸುತ್ತಿದ್ದರಂತೆ. "ಹೊಡೆದಿದ್ರೇ ವಾಸಿ ಇತ್ತು" ಎನ್ನುತ್ತಾರೆ. ಆಮೇಲೆ ಗಾಜಿನ ಕಾರ್ಖಾನೆಯಲ್ಲಿ ಒಂಬತ್ತು ವರ್ಷ, ಗಾಜಿನಲ್ಲಿ ಅಲೆ ಇದೆಯೇ ಎಂದು ನೋಡುವ ಕೆಲಸ. ಮದುವೆ ಒಂದಾಗಿ, ಬಸ್ಸಿನ ತಿರುಗಾಟದಲ್ಲಿ ಮುರಿದುಬಿತ್ತು. "ಅವನದೇನೂ ತಪ್ಪಿಲ್ಲ. ವರ್ಷಕ್ಕೆ ಇನ್ನೂರು ದಿನ ಹೆಂಡ್ತಿ ಇಲ್ಲ ಅಂದ್ರೆ, ಮಿಕ್ಕಿದ ದಿನ ಬಂದವಳು ನೆಂಟರ ಥರ ಕಾಣ್ತಾಳೆ."

ಏಳೂವರೆಗೆ ಡೋನಟ್ಟಿನ ಡಬ್ಬಿ ಹಿಡಿದು ಬಂದ ಫಿಸ್ಕ್ ವಿಷಯ ಕೇಳಿ ಡಬ್ಬಿಯನ್ನು ಹಾಗೇ ಮುಚ್ಚುತ್ತಾರೆ.

"ವಾಲ್ಟ್‌ಗೆ ಹೇಳ್ಬೇಡ. ಆ ಒಂದು ಹಾಡಿಗೆ ನಾಲ್ಕು ಎಳೆ ಮೇಲೆತ್ತು, ಮುಗೀತು."

"ಅವನ ಧ್ವನಿ ಒಡೆದ್ರೆ?"

"ಒಡೆದ್ರೆ ಒಡೀತು. ವಯಸ್ಸಾಯ್ತು ಅಂತ ಅಂದ್ಕೊಳ್ತಾನೆ."

"ಅದೇ ಕಣೋ ಕಷ್ಟ! ನಿನ್ನೆ ಸಲೀಸಾಗಿ ಹಾಡಿದೋನು, ಇವತ್ತು ಅದೇ ಹಾಡಲ್ಲಿ, ಅದೇ ಶ್ರುತೀಲಿ ಅಂದ್ಕೊಂಡು, ತನ್ನೂರ ಜನದ ಮುಂದೆ ಒಡೆದ್ರೆ ತನ್ನ ಕತೆ ಮುಗೀತು ಅಂದ್ಕೊಳ್ತಾನೆ. ಮತ್ತೆ ಮುಸುಕು ಹಾಕ್ಕೊಂಡ್ರೆ ಈ ಸಲ ಏಳಲ್ಲ."

"ಹೇಳಿದ್ರೆ ನಿನ್ನ ಕತೆ ಮುಗಿಯುತ್ತೆ. ನಮ್ಮೆಲ್ಲರದ್ದೂ."

"ನಿನ್ನನ್ನ ಕಳಿಸಲ್ಲ ಬಿಡು, ನಿನ್ನ ಫೋಟೋ ಆಲ್ಬಮ್ಮಿನ ಮೇಲಿದೆ" ಎನ್ನುತ್ತಾರೆ ಡೊರೀನ್. ಫಿಸ್ಕ್ ಡಬ್ಬಿ ತೆರೆದು ಒಂದು ಡೋನಟ್ಟು ಬಾಯಿಗಿಟ್ಟುಕೊಳ್ಳುತ್ತಾರೆ.

ಒಂಬತ್ತಕ್ಕೆ ಬ್ಯಾಂಡಿನ ಟೀಚರು ಯೋಲಾಂಡಾ ಟಿಲ್‌ಮನ್ ಬರುತ್ತಾರೆ. ಡೊರೀನ್ ಟೀಚರನ್ನು ಪಕ್ಕಕ್ಕೆ ಕರೆದು, ತುತ್ತೂರಿಗಳನ್ನೇ ನಾಲ್ಕು ಎಳೆ ಇಳಿಸಲು ಆಗುತ್ತದೆಯೇ ಎಂದು ಕೇಳುತ್ತಾರೆ.

"ಕೊಳವೆ ಹೊರಗೆ ಎಳೆದ್ರೆ ಎರಡು ಎಳೆ ಇಳೀಬಹುದು ಮೇಡಂ, ಅದೂ ದೊಡ್ಡೋರ ಕೈಲಿ. ನನ್ನ ಮಕ್ಕಳು ಊದಿದ್ರೆ ದನದ ಮಂದೆ ಕೂಗಿದಂಗಿರುತ್ತೆ. ಇನ್ನು ಬೆಲ್ಸ್ ಬಾರಿಸೋ ನಾಲ್ವರಿದ್ದಾರೆ, ಅವು ಉಕ್ಕಿನ ಪಟ್ಟಿ. ಅವನ್ನ ಇಳಿಸೋಕೆ ನೀವು ಕಮ್ಮಾರನ್ನ ಕರೆಸ್ಬೇಕು." ಅಷ್ಟು ಹೇಳಿ ಟೀಚರು ಆಕಾಶ ನೋಡುತ್ತಾರೆ. "ಸಾಲದ್ದಕ್ಕೆ ಇವತ್ತು ಬಿಸಿಲು. ಹಿತ್ತಾಳೆ ಕಾದ್ರೆ ಸ್ವರ ಇನ್ನೂ ಮೇಲೇರುತ್ತೆ."

"ನನ್ನ ತಂತಿ ಕಾದ್ರೆ ಕೆಳಗಿಳಿಯುತ್ತೆ" ಎನ್ನುತ್ತಾರೆ ಡೊರೀನ್. ಟೀಚರು ಅವರ ತೋಳು ತಟ್ಟಿ, "ನಾನು ಏನೂ ಕೇಳಲ್ಲ. ಎರಡಕ್ಕೆ ಮಕ್ಕಳನ್ನ ಕರ್ಕೊಂಡು ಬರ್ತೀನಿ" ಎಂದು ಹೋಗುತ್ತಾರೆ.

ಗಂಟೆ ಹತ್ತಾಯಿತು, ಹನ್ನೊಂದಾಯಿತು. ಡೊರೀನ್ ತಂತಿ ಬದಲಿಸುತ್ತಲೇ ಇದ್ದಾರೆ. ಒಂದು ತಂತಿ ಕೈಜಾರಿ ಕೆನ್ನೆಗೆ ಹೊಡೆದು ಗೀರು ಬೀಳುತ್ತದೆ. ಮೂವತ್ತಮೂರು ವರ್ಷದಲ್ಲಿ ಇದು ಮೂರನೆಯದಂತೆ. ಈ ಹೆಂಗಸು ಸುಮ್ಮನೆ ಇದ್ದುಬಿಡಲಿ, ಫಿಸ್ಕ್ ಹೇಳಿದ ಹಾಗೇ ಮಾಡಲಿ ಎಂದು ನನ್ನ ಮನಸ್ಸು ಬೇಡುತ್ತಿದೆ.

ಹನ್ನೆರಡೂಕಾಲಿಗೆ ವಾಲ್ಟ್ ಬಂದು, ವೇದಿಕೆಯ ಹಿಂದಿನ ಮೆಟ್ಟಿಲ ಮೇಲೆ ಕೂತು, ಅಕ್ಕನ ಮನೆಯಿಂದ ಬಂದ ಎಲೆಕೋಸಿನ ಸುರುಳಿ ತಿನ್ನುತ್ತಿದ್ದಾರೆ. ಡೊರೀನ್ ಕೈ ಒರೆಸಿಕೊಂಡು ಹೋಗಿ ಎದುರು ನಿಲ್ಲುತ್ತಾರೆ. ಪೀಠಿಕೆ ಇಲ್ಲ, ಏನಿಲ್ಲ.

"ವಾಲ್ಟ್, ಹನ್ನೊಂದು ವರ್ಷದಿಂದ ನಾನು ನಿನ್ನ ಗಿಟಾರ್ ಶ್ರುತಿ ಇಳಿಸ್ತಾ ಬಂದಿದೀನಿ. ನಿನ್ನ ಗಂಟಲಿಗೋಸ್ಕರ."

ವಾಲ್ಟ್ ಅಗಿಯುವುದನ್ನು ನಿಲ್ಲಿಸುತ್ತಾರೆ.

"ಎಷ್ಟು?"

"ಹದಿನಾಲ್ಕು ಎಳೆ. ಅರ್ಧ ಸ್ವರದ ಮೇಲೆ ನಾಲ್ಕು."

"ಫಿಸ್ಕ್‌ಗೆ ಗೊತ್ತಾ?"

"ಗೊತ್ತು."

"ಕೀಬೋರ್ಡಿನವನಿಗೆ?"

"ಗೊತ್ತು."

"ಅಂದ್ರೆ ಊರಿಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ."

"ಬಸ್ ಡ್ರೈವರಿಗೂ ಗೊತ್ತಿಲ್ಲ" ಎನ್ನುತ್ತಾರೆ ಡೊರೀನ್. ನಗಿಸಲು ಹೇಳಿದ್ದಲ್ಲ, ಅದು ಬರೀ ನಿಜ. ವಾಲ್ಟ್ ನಗುವುದೂ ಇಲ್ಲ. ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ನದಿಯ ಕಡೆ ನೋಡುತ್ತಾ ಕೂರುತ್ತಾರೆ. ಡೊರೀನ್ ತುತ್ತೂರಿಯ ವಿಷಯ, ತಮ್ಮ ಎಡವಟ್ಟಿನ ವಿಷಯ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ.

"ಮಕ್ಕಳು ಎಷ್ಟರಲ್ಲಿದ್ದಾರೆ?"

"ಹತ್ತರಲ್ಲಿ."

"ಹಾಗಾದ್ರೆ ಹತ್ತು. ಕೊನೇ ಹಾಡಿಗಷ್ಟೇ ಅಲ್ಲ, ಇಡೀ ಕಚೇರಿ ಹತ್ತರಲ್ಲೇ. ಮಿಕ್ಕಿದ್ದು ಮುಗಿದ್ಮೇಲೆ ಮಾತಾಡೋಣ." ಎದ್ದು ಹೋಗುತ್ತಾರೆ. ಸುರುಳಿ ಅರ್ಧಕ್ಕೇ ಉಳಿದಿದೆ. ಹಾಗೆ ಊಟ ಬಿಟ್ಟವರಲ್ಲ ಎಂದು ಡೊರೀನ್ ತಟ್ಟೆ ನೋಡಿ ಹೇಳುತ್ತಾರೆ, ಅವರ ಕಣ್ಣು ಒದ್ದೆಯಾಗಿದೆ.

ಮುಂದಿನ ಒಂದೂವರೆ ಗಂಟೆಯಲ್ಲಿ ಎಪ್ಪತ್ತೆರಡು ತಂತಿಗಳನ್ನೂ ನಾಲ್ಕು ಎಳೆ ಏರಿಸಬೇಕು. ಒಂದನ್ನು ಏರಿಸಿದರೆ ಪಕ್ಕದ್ದು ಸಡಿಲವಾಗುತ್ತದೆ, ಅದನ್ನು ಸರಿಮಾಡಿದರೆ ಮೊದಲನೆಯದು. ಎರಡಕ್ಕೆ ನಡೆದ ತಾಲೀಮಿನಲ್ಲಿ ತುತ್ತೂರಿಗೂ ಗಿಟಾರಿಗೂ ಕೂದಲಷ್ಟೂ ಅಂತರವಿಲ್ಲ. ವಾಲ್ಟ್ ಮಾತ್ರ ತಾಲೀಮಿನಲ್ಲಿ ಹಾಡುವುದಿಲ್ಲ, ತುಟಿ ಆಡಿಸುತ್ತಾರೆ ಅಷ್ಟೆ.

ಸಂಜೆ ಆರಕ್ಕೆ ಕಚೇರಿ ಶುರು. ಎಂಟು ಸಾವಿರ ಜನ, ಮಡಚುವ ಕುರ್ಚಿಗಳು, ಅಜ್ಜಂದಿರ ಭುಜದ ಮೇಲೆ ಮೊಮ್ಮಕ್ಕಳು. ನಾನು ಡೊರೀನ್ ಪಕ್ಕ ಪೆಟ್ಟಿಗೆಗಳ ನಡುವೆ ನಿಂತಿದ್ದೇನೆ. ಹದಿನೆಂಟು ಸಲ ಗಿಟಾರು ಕೈ ಬದಲಾಗುತ್ತದೆ. ಹದಿನೆಂಟು ಸಲವೂ ವಾಲ್ಟ್ ಡೊರೀನ್ ಮುಖ ನೋಡುವುದಿಲ್ಲ. ಹತ್ತನೇ ಹಾಡಿನ ಹೊತ್ತಿಗೆ ವಾಲ್ಟ್ ಅವರ ಕುತ್ತಿಗೆಯ ನರ ಉಬ್ಬುತ್ತದೆ. ಪ್ರತಿ ಮೇಲಿನ ಸ್ವರಕ್ಕೂ ಡೊರೀನ್ ಉಸಿರು ಹಿಡಿಯುತ್ತಾರೆ, ಹಾಡುವವರು ತಾವೇ ಎಂಬಂತೆ.

ಎಂಟೂ ಕಾಲು. ಬಿಸಿಲು ಇನ್ನೂ ನೀರಿನ ಮೇಲಿದೆ. ಮಕ್ಕಳು ಸಾಲಾಗಿ ವೇದಿಕೆ ಹತ್ತುತ್ತಾರೆ. ಡೊರೀನ್ ಕೊನೆಯ ಗಿಟಾರು ಕೊಟ್ಟು ಹಿಂದಕ್ಕೆ ಬರುತ್ತಾರೆ. ವಾಲ್ಟ್ ಎಂದಿನ ಮಾತು ಹೇಳಬೇಕು. ಜನ ಆಗಲೇ 'ಪ್ಯಾಂಟು, ಪ್ಯಾಂಟು' ಎಂದು ಕೂಗುತ್ತಿದ್ದಾರೆ.

"ಪ್ಯಾಂಟೂ ಬದಲಾಗಿದೆ, ಸ್ವರಾನೂ ಬದಲಾಗಿದೆ" ಎನ್ನುತ್ತಾರೆ ವಾಲ್ಟ್. "ಈ ಹಾಡು ಬರೆದಾಗ ನನಗೆ ಇಪ್ಪತ್ತೇಳು. ಇವತ್ತು ಅರ್ಧ ಸ್ವರ ಕೆಳಗೆ ಹಾಡ್ತೀನಿ. ಹೋದ ವಾರ ಅದಕ್ಕಿಂತ ಕೆಳಗೆ ಹಾಡ್ದೆ. ನನಗೂ ಇವತ್ತು ಮಧ್ಯಾಹ್ನಾನೇ ಗೊತ್ತಾಗಿದ್ದು. ಬೇಡ ಅನ್ನೋರು ಈಗ್ಲೇ ಹೊರಡಬಹುದು, ಸೇತುವೆ ಇಳಿಸಿದ್ದಾರೆ."

ಹಿಂದಿನ ಸಾಲಿನಿಂದ ಒಂದು ಹೆಂಗಸಿನ ದನಿ: "ನನ್ನ ಮೊಣಕಾಲೂ ಹಂಗೇ ಆಗಿದೆ, ಶುರು ಮಾಡಪ್ಪಾ!" ಇಡೀ ದಂಡೆ ನಗುತ್ತದೆ. ಹಾಡು ಶುರುವಾಗುತ್ತದೆ.

ಆ ಹಾಡಿನಲ್ಲಿ ಮೇಲಿನ ಸ್ವರ ಮೂರು ಸಲ ಬರುತ್ತದೆ. ಮೊದಲನೆಯದು ದಾಟಿತು. ಎರಡನೆಯದು ದಾಟಿತು, ಅಂಚು ಸ್ವಲ್ಪ ಹರಿದು. ಮೂರನೆಯದಕ್ಕೆ ವಾಲ್ಟ್ ಕಣ್ಣು ಮುಚ್ಚಿ ಏರುತ್ತಾರೆ, ಅಲ್ಲಿಗೆ ಮುಟ್ಟುವ ಹೊತ್ತಿಗೆ ದನಿ ಎರಡಾಗಿ ಒಡೆದುಹೋಗುತ್ತದೆ. ಎಂಟು ಸಾವಿರ ಜನರಿಗೂ ಕೇಳಿಸಿತು. ಡೊರೀನ್ ನನ್ನ ಮುಂಗೈ ಹಿಡಿದದ್ದು ಉಗುರು ಊರುವಷ್ಟು ಗಟ್ಟಿಯಾಗಿ. ಮಕ್ಕಳ ತುತ್ತೂರಿಗಳು ಮಾತ್ರ ಆ ಸ್ವರವನ್ನು ಬಿಡದೆ ಹಿಡಿದಿವೆ, ಗಿಟಾರು ಅದರೊಂದಿಗೇ ಸರಿಯಾಗಿ ಕೂತಿದೆ. ವಾಲ್ಟ್ ಅದರ ಮೇಲೆ ಕೊನೆಯ ಸಾಲನ್ನು ಮೆಲ್ಲಗೆ, ಮಾತಾಡಿದ ಹಾಗೆ ಹೇಳಿ ಮುಗಿಸುತ್ತಾರೆ.

ಚಪ್ಪಾಳೆ ಇನ್ನೂ ನಿಂತಿಲ್ಲ, ವಾಲ್ಟ್ ನೇರ ನಮ್ಮ ಮೂಲೆಗೆ ಬರುತ್ತಾರೆ. ಅಂಗಿ ಬೆವರಿನಲ್ಲಿ ತೊಯ್ದಿದೆ. ಡೊರೀನ್ ಅವರೇ ಮೊದಲು ಬಾಯಿ ತೆರೆಯುತ್ತಾರೆ.

"ನನ್ನ ಬ್ಯಾಗು ಬಸ್ಸಲ್ಲಿದೆ. ನೀನು ಒಂದು ಮಾತು ಹೇಳಿದ್ರೆ ಈಗ್ಲೇ ತಗೋತೀನಿ."

"ಹೇಳ್ಬಹುದಿತ್ತಲ್ಲೇ ನನಗೆ."

"ಹೇಳಿದ್ರೆ ನೀನು ಹಾಡ್ತಿರ್ಲಿಲ್ಲ."

"ಹೌದು, ಹಾಡ್ತಿರ್ಲಿಲ್ಲ" ಎಂದು ವಾಲ್ಟ್ ಒಪ್ಪುತ್ತಾರೆ. ಗಿಟಾರನ್ನು ಕಳಚಿ ಅವರ ಕೈಗೆ ಕೊಡುತ್ತಾರೆ. "ನಾಡಿದ್ದು ಡೇಟನ್ ಊರಲ್ಲಿ ಇಳಿಸು. ಇಳಿಸಿದೀವಿ ಅಂತ ನಾನು ಜನಕ್ಕೆ ಹೇಳ್ತೀನಿ. ಎಷ್ಟು ಅನ್ನೋದನ್ನ ಮಾತ್ರ ನನಗೆ ಹೇಳ್ಬೇಡ. ನಾನಾಗೇ ಕೇಳಿದ್ರೂ ಹೇಳ್ಬೇಡ." ಎರಡು ಹೆಜ್ಜೆ ಹೋದವರು ನನ್ನ ಕಡೆ ತಿರುಗಿ, "ನೀವು ಎಲ್ಲಾ ಬರ್ಕೊಳ್ಳಿ ಸ್ವಾಮಿ. ಕಳ್ಳ ಸದ್ದು ಇಲ್ಲ" ಎನ್ನುತ್ತಾರೆ. ಆಮೇಲೆ ಅಂದು ಬಸ್ಸಿನಿಂದ ಇಳಿಸಿದ ಆ ಸೋದರತ್ತೆಯ ಮಗನ ಫೋನ್ ನಂಬರು ಯಾರ ಹತ್ತಿರವಾದರೂ ಇದೆಯೇ ಎಂದು ಫಿಸ್ಕ್ ಅವರನ್ನು ಕೇಳುತ್ತಾ ಮೆಟ್ಟಿಲಿಳಿದರು.

ಡೊರೀನ್ ಗಿಟಾರನ್ನು ಒರೆಸುತ್ತಿದ್ದಾರೆ. ಮೂಗು ಸೀಟಿಕೊಂಡು, ಅಳುತ್ತಿಲ್ಲ, ಬೆವರು ಎಂದರು. ನಾನು ನಂಬಿದ ಹಾಗೆ ತಲೆಯಾಡಿಸಿದೆ. ಪತ್ರಿಕೆಯವನ ಚಟ, ಕೇಳದೆ ಇರಲಾಗಲಿಲ್ಲ: ಡೇಟನ್‌ನಲ್ಲಿ ಎಷ್ಟು ಎಳೆ ಇಳಿಸುತ್ತೀರಿ?

"ಅವನಿಗೇ ಹೇಳಲ್ಲ, ನಿಮಗೆ ಹೇಳ್ತೀನಾ?" ಎಂದು ಪೆಟ್ಟಿಗೆಯ ಚಿಲಕ ಹಾಕುತ್ತಾರೆ. "ನೀವು ಒಂದು ಬರೀರಿ. ಮೇಲೋ ಕೆಳಗೋ, ಅದು ಆಮೇಲಿನ ಮಾತು. ಮೂವತ್ತಮೂರು ವರ್ಷದಲ್ಲಿ ಅವನ ಕೈಗೆ ನಾನು ಕೊಟ್ಟ ಯಾವ ಗಿಟಾರೂ ಅಪಶ್ರುತಿ ಆಗಿರ್ಲಿಲ್ಲ. ಅಷ್ಟು ಬರೀರಿ, ಸಾಕು."